ಎದುರಾಳಿಯ ಪರ ವಕಾಲತ್ತು

ನನ್ನ ಕಾಕಾನ ಮಗಳು ತ್ಯಾಗಮೂರ್ತಿ ಎಂದು ಗೋವಾದ ವಾಸ್ಕೋದಿಂದ ಕುಡಚಡೆಯವರೆಗಿನ ನಮ್ಮ ಬಂಧುಬಳಗ ಸಾರುತ್ತಿದೆ. "ಗೆದ್ದ ಆಟ ಬಿಟ್ಟುಕೊಟ್ಟಾಳ ನೋಡ್ರಿ, ದೇವತಿ ಅದು!" ಎಂದು ಅತ್ತೆಯೊಬ್ಬಳು ಕಣ್ಣೊರೆಸಿಕೊಂಡದ್ದೂ ಆಗಿದೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ಸೊಕ್ಕಿನಿಂದ ಹೇಳುತ್ತಿಲ್ಲ (ಸ್ವಲ್ಪ ಅದೂ ಇದೆ ಅನ್ನಿ!), ನನ್ನ ಬಳಿ ಸಾಕ್ಷಿಯಿದೆ. ತಟ್ಟೆಯಲ್ಲಿ ಉಳಿದ ಕೊನೆಯ ಮಿರ್ಚಿ ಭಜಿಗಾಗಿ ಈ ಹದಿನೈದರ ಹುಡುಗಿ ನನ್ನ ಕೈ ಪರಚಿದ ಗುರುತು ಇನ್ನೂ ಮಾಸಿಲ್ಲ. ಭಜಿ ಬಿಟ್ಟುಕೊಡದವಳು ಪದಕ ಬಿಟ್ಟುಕೊಡುತ್ತಾಳೆಯೇ? ತ್ಯಾಗ ಎಂದುಬಿಡುವುದು ಸುಲಭ. ಹುಚ್ಚು ಎಂದರೆ ವಿವರಿಸಬೇಕಾಗುತ್ತದೆ. ವಿವರಿಸುತ್ತೇನೆ.

ಎಲ್ಲದರ ಮೂಲ ಒಂದು ಹಳೆಯ ಸ್ಕೇಟ್‌ಬೋರ್ಡು. ಅವಳ ತಾಯಿ, ನನ್ನ ಕಾಕು, ಬೀಚಿನಲ್ಲಿ ಮಣಿಸರ ಮಾರುತ್ತಾಳೆ. ತನ್ನ ದೇಶಕ್ಕೆ ಹೊರಟಿದ್ದ ಪ್ರವಾಸಿಯೊಬ್ಬ ಸರ ತೆಗೆದುಕೊಂಡು ಬೋರ್ಡನ್ನು ಕೊಟ್ಟುಹೋದ. ಚಕ್ರವಿರುವ ಹಲಗೆ! ಕಾಕು ಅದರ ಮೇಲೆ ನೀರಿನ ಕೊಡ ಇಟ್ಟು ನಲ್ಲಿಯಿಂದ ಮನೆಗೆ ತಳ್ಳತೊಡಗಿದಳು. ಒಂದು ಮುಂಜಾನೆ ನೋಡಿದರೆ ಕೊಡದ ಜಾಗದಲ್ಲಿ ಮಗಳು ನಿಂತಿದ್ದಾಳೆ, ಕೊಡ ಮಗಳ ತಲೆಯ ಮೇಲಿದೆ! ಇಳಿಜಾರು ಮುಗಿಯುವಷ್ಟರಲ್ಲಿ ಕೊಡವೊಂದು ಕಡೆ, ಮಗಳೊಂದು ಕಡೆ, ಬೋರ್ಡು ಮೀನಿನವಳ ಬುಟ್ಟಿಯ ಬುಡಕ್ಕೆ.

"ಕೊಡ ನೆಗ್ಗಿಸಿದೆಲ್ಲೇ, ಮೂಳೀ!" ಎಂದು ಕಾಕು ಬಡಿಯಲು ಬಂದಳು.

"ಅದಿರ್ಲಿ ಯವ್ವಾ, ತಿರುವಿನ್ಯಾಗ ಹೆಂಗ ನಿಂತಿದ್ದೆ, ನೋಡಿದೇನ?" ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದುದನ್ನು ಇಬ್ಬರೂ ಗಮನಿಸಲಿಲ್ಲ.

ಇನ್ನು ಕಾಕಾ. ಬಂದರಿನಲ್ಲಿ ಮೂಟೆ ಹೊರುವ ಅವನು ಪ್ರಾಯದಲ್ಲಿ ಊರ ಗರಡಿಯ ಪೈಲ್ವಾನ. ಮಗಳನ್ನು ಸ್ಕೇಟಿಂಗ್ ಕಲಿಸುವಲ್ಲಿಗೆ ಸೇರಿಸಿದ ದಿನವೇ ತೀರ್ಪು ಕೊಟ್ಟ: "ಇದು ಕುಸ್ತೀನ."

"ಕಾಕಾ, ಇದರಾಗ ಎದುರಿಗೆ ಯಾರೂ ಇರೂದಿಲ್ಲ," ಎಂದೆ ನಾನು.

"ಬೀಳೂದು ಐತಿಲ್ಲೋ? ಎದ್ದು ನಿಲ್ಲೂದು ಐತಿಲ್ಲೋ? ಮತ್ತ ಕುಸ್ತಿ ಅಲ್ಲದ ಇನ್ನೇನವಾ?"

ಎಷ್ಟೋ ವೇದಿಕೆಗಳಲ್ಲಿ ಎದುರು ಪಕ್ಷದ ಬಾಯಿ ಮುಚ್ಚಿಸಿದವಳು ನಾನು. ಅಂದು ಮಾತ್ರ ಕಪ್ಪನ್ನು ಮನಸ್ಸಿನಲ್ಲೇ ಕಾಕಾನ ಕೈಗಿಟ್ಟೆ.

ಹೀಗಾಗಿ ನಮ್ಮ ಹುಡುಗಿ ಬಿದ್ದಾಗಲೆಲ್ಲ ಪೈಲ್ವಾನರಂತೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಏಳುತ್ತಿದ್ದಳು. ಮೊದಮೊದಲು ತರಬೇತುದಾರ, ಕೈ ಮುರಿಯಿತೆಂದು ಐಸ್ ಹಿಡಿದು ಓಡಿ ಬರುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿಗೆ ಕಲಿಯಲು ಬರುವ ಬಂಗಲೆಗಳ ಮಕ್ಕಳೂ ಅದನ್ನೇ ಕಲಿತರು. ಅಲ್ಲಿ ಬಿದ್ದವರೆಲ್ಲ ಭಕ್ತರು! ಇನ್ನೊಂದು ಖಯಾಲಿ: ಬೇರೆಯವರು ಬಿದ್ದರೆ ಇವಳೇ ಮೊದಲು ಓಡಿಹೋಗಿ ಕೈ ಹಿಡಿದು ಎಬ್ಬಿಸಬೇಕು. ಎಬ್ಬಿಸಿ ಸುಮ್ಮನಾಗುತ್ತಾಳೆಯೇ? "ಎಡಗಾಲು ಹಿಂದಿಟ್ಟಿ, ಅದಕ್ಕ ಬಿದ್ದಿ" ಎಂದು ಗುಟ್ಟನ್ನೂ ಹೇಳಿಕೊಡುತ್ತಾಳೆ!

ಈಗ ಆ ಸ್ಪರ್ಧೆಯ ವಿಷಯ. ಗೆದ್ದ ಒಬ್ಬ ಹುಡುಗಿಗೆ ಮಾತ್ರ ಗೋವಾದ ಪರವಾಗಿ ರಾಷ್ಟ್ರಮಟ್ಟಕ್ಕೆ ಹೋಗುವ ಅವಕಾಶ. ಇವಳು ವಾರ ಮೊದಲೇ ಬ್ಯಾಗು ತೊಳೆದು ಒಣಹಾಕಿದ್ದಳು. ಕೊನೆಯ ಸುತ್ತಿಗೆ ಉಳಿದವರು ಇವಳು ಮತ್ತು ಮಾಪುಸಾದ ಒಬ್ಬ ಹುಡುಗಿ. ಕುಸ್ತಿಗೆ ಮುಂಚೆ ಜಟ್ಟಿಗಳು ಒಬ್ಬರಿಗೊಬ್ಬರು ಮಣ್ಣು ಕೊಡುವ ಪದ್ಧತಿಯುಂಟು. ಕಾಂಕ್ರೀಟಿನಲ್ಲಿ ಮಣ್ಣೆಲ್ಲಿ? ಕಾಕಾ ಊರ ಗರಡಿಯ ಕೆಮ್ಮಣ್ಣನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದ. ಇವಳು ಎದುರಾಳಿಯ ಅಂಗೈಗೆ ಒಂದು ಚಿಟಿಕೆ ಹಾಕಿ ನಮಸ್ಕರಿಸಿದಳು. ಪ್ರಸಾದವಿರಬೇಕೆಂದು ಆ ಮಗು ಭಕ್ತಿಯಿಂದ ಹಣೆಗೆ ಹಚ್ಚಿಕೊಂಡು, ಮಿಕ್ಕದ್ದನ್ನು ತಾನು ಹೊರಡಬೇಕಾದ ಜಾಗದಲ್ಲೇ ಕಾಲ ಬಳಿ ಉದುರಿಸಿತು.

ಇವಳ ಆಟ ಸೊಗಸಾಗಿ ಮುಗಿಯಿತು. ಆಮೇಲೆ ಎದುರಾಳಿ ಹೊರಟಳು. ಆ ಚಕ್ರಗಳಿಗೆ ಒಂದು ಹರಳು ಸಿಕ್ಕರೂ ಸಾಕು. ಹೊರಟಲ್ಲೇ ಚಕ್ರ ಗಕ್ಕನೆ ನಿಂತು ಹುಡುಗಿ ಕವುಚಿ ಬಿದ್ದಳು. ನಮ್ಮವರು ಕುಣಿಯತೊಡಗಿದರು. ಕಾಕು ದೃಷ್ಟಿ ತೆಗೆಯಲು ಕೈ ಎತ್ತಿಯೂ ಆಗಿತ್ತು. ಇವಳು ಮಾತ್ರ ಹೋಗಿ ಅವಳನ್ನು ಎಬ್ಬಿಸಿ, ಅಲ್ಲಿನ ನೆಲದಲ್ಲಿ ಬೆರಳಾಡಿಸಿ, ಕೆಂಪಾದ ಬೆರಳ ತುದಿ ನೋಡಿ, ಓಡಿ ಬಂದು ನನ್ನ ತೋಳು ಹಿಡಿದಳು.

"ಅಕ್ಕಾ, ನಿನಗ ಮಾತಾಡಾಕ ಬರ್ತೈತಲ್ಲ. ಆಕಿಗೆ ಇನ್ನೊಂದ್ಸಲ ಆಡಾಕ ಬಿಡ್ರಿ ಅಂತ ಅವರಿಗೆ ಹೇಳು."

"ಹುಚ್ಚೀ, ಗೆದ್ದೀ! ಸುಮ್ನ ಕುಂದ್ರು."

"ಆಕಿನ್ನ ನಾ ಎಲ್ಲಿ ಗೆದ್ದೆ? ಮಣ್ಣು ಕೆಡವೇತಿ!"

ಎದುರಾಳಿಯೇ ಕುಂಟುತ್ತಾ ಬಂದು ಕೊಂಕಣಿಯಲ್ಲಿ "ಸೋಡ್ ಗೊ" ಎಂದಳು, ಬಿಟ್ಟುಬಿಡೇ ಎಂದು. ಇವಳು ಬಿಡಲಿಲ್ಲ. ನಾನು ತೀರ್ಪುಗಾರರ ಮುಂದೆ ನಿಂತೆ. ಅಂಕಣದ ಧೂಳು ಆಟದ ಭಾಗ ಎಂದರು ಅವರು. ಗಾಳಿ ತಂದ ಧೂಳಾದರೆ ಹೌದು, ಪೊಟ್ಟಣ ಕಟ್ಟಿ ತಂದದ್ದು? ಎಂದೆ. ಹಗೆಯಿಂದ ತಂದಿದ್ದರೆ ಇವಳನ್ನು ಹೊರಗೆ ಹಾಕುತ್ತಿದ್ದಿರಿ, ಗೌರವದಿಂದ ತಂದಳೆಂದು ಪದಕ ಕೊಡುತ್ತೀರಾ? ಎಂದೆ. ಹಿರಿಯ ತೀರ್ಪುಗಾರರು ತಂಪುಕನ್ನಡಕ ತೆಗೆದು, "ನೀವು ಯಾರ ಕಡೆಯವರು?" ಎಂದು ಕೇಳಿದರು. ನನಗಾದರೂ ಎಲ್ಲಿ ಗೊತ್ತಿತ್ತು! ಅವರವರೇ ಗುಸುಗುಸು ಮಾತಾಡಿಕೊಂಡು ಕೊನೆಗೆ ಒಪ್ಪಿದರು.

ಎದುರಾಳಿ ಮತ್ತೆ ಇಳಿದಳು. ಕೂದಲೆಳೆಯಲ್ಲಿ ಗೆದ್ದಳು. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವಳು ಯಾರೆಂದು ಹೇಳಬೇಕೇ? ಸಮಬಲದ ಕುಸ್ತಿ ಕಂಡವನಂತೆ "ಚಲೋ ಜೋಡಿ!" ಎಂದ ಕಾಕಾ. ಕಾಕು ಮಾತ್ರ ನನ್ನನ್ನು ನೋಡಿದ ನೋಟ... ನನ್ನ ಬದುಕಿನ ಅತ್ಯುತ್ತಮ ವಾದಕ್ಕೆ ಮನೆಯಲ್ಲಿ ಚಹಾ ಕೂಡ ಹುಟ್ಟಲಿಲ್ಲ.

ಅಂದು ಸ್ಪರ್ಧೆ ಮುಗಿದ ಮೇಲೆ ಸ್ಕೂಟರಿನಲ್ಲಿ ಇವಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟಿದ್ದೆ. ದಾರಿಯುದ್ದಕ್ಕೂ ಆ ಹುಡುಗಿ ತಿರುಗಿದ ಚಂದವನ್ನೇ ಬಣ್ಣಿಸುತ್ತಿದ್ದಳು. ಜುವಾರಿ ಸೇತುವೆ ಹತ್ತುತ್ತಲೇ ಮಾತು ನಿಂತಿತು. ಅವಳ ಹೆಲ್ಮೆಟ್ಟು ನನ್ನ ಬೆನ್ನಿಗೆ ಒರಗಿತು. ನಡುಗುತ್ತಿತ್ತು. ರಸ್ತೆಯೇನೋ ನುಣ್ಣಗಿತ್ತು.

ನಾನು ವೇಗ ತಗ್ಗಿಸಿದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತ ಮುಂದೆ ಹೋದವು.

"ಏ, ಖರೇ ಹೇಳು. ಇವತ್ತೊಂದಿನ ನಾ ವಾದದಾಗ ಸೋಲಬೇಕಿತ್ತೇನ?"