ತವರಿನ ಬೇಳೆಗೆ ಕೊಬ್ಬರಿ ಎಣ್ಣೆ

ಗಳಿಸುವುದು ಸುಲಭ, ಗಳಿಸಿದ್ದನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಹಿರಿಯರು ಹೇಳುತ್ತಿದ್ದಾಗ ಅವರು ದುಡ್ಡಿನ ಮಾತಾಡುತ್ತಿದ್ದಾರೆ ಎಂದೇ ನಾನು ಬಹಳ ಕಾಲ ನಂಬಿಕೊಂಡಿದ್ದೆ. ಉಳಿಸುವಷ್ಟು ದುಡ್ಡು ನನ್ನ ಬಳಿ ಯಾವತ್ತೂ ಸೇರದಿದ್ದರಿಂದ ಆ ಮಾತಿಗೆ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಅದು ತೊಗರಿಬೇಳೆಗೂ ಸಲ್ಲುವ ಮಾತು ಎಂದು ತಿಳಿದದ್ದು ಹೋದ ವರ್ಷ. ದುಡ್ಡನ್ನಾದರೂ ಬ್ಯಾಂಕಿನಲ್ಲಿಟ್ಟು ಮರೆತುಬಿಡಬಹುದು. ಬೇಳೆಯನ್ನು ಡಬ್ಬದಲ್ಲಿಟ್ಟು ಮರೆತರೆ ಹುಳಗಳು ಮರೆಯುವುದಿಲ್ಲ. ಮುಚ್ಚಳ ಬಿಗಿಯಾಗಿಯೇ ಇರುತ್ತದೆ, ಅವು ಒಳಗೆ ಹೋದದ್ದನ್ನು ಕಂಡವರಿಲ್ಲ, ಆದರೂ ತೆರೆದು ನೋಡುವಷ್ಟರಲ್ಲಿ ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಬಾಡಿಗೆಯಿಲ್ಲದ ಮನೆಯಲ್ಲಿ ಸುಖವಾಗಿರುತ್ತವೆ. ನಾವು ಮುಚ್ಚಳ ತೆರೆದದ್ದೇ ತಪ್ಪೇನೋ ಎಂಬಂತೆ ಅತ್ತಿತ್ತ ಸರಿಯುತ್ತವೆ.

ನನ್ನ ಪರಿಚಯ ಹೇಳದೆ ಮುಂದೆ ಹೋದರೆ ನನ್ನ ಪೆದ್ದುತನದ ಆಳ ನಿಮಗೆ ತಿಳಿಯುವುದಿಲ್ಲ. ತಿಪಟೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಹುಟ್ಟಿದ್ದು ಹಂದನಕೆರೆಯ ಕಡೆ. ಅಲ್ಲಿ ಅಣ್ಣ ನೋಡಿಕೊಳ್ಳುವ ತೋಟದಲ್ಲಿ ನನ್ನ ಪಾಲಿಗೂ ಒಂದಷ್ಟು ತೆಂಗಿನ ಮರಗಳಿವೆ. ಹೆಂಡತಿ ಜಯ ಶೆಟ್ಟಿಕೆರೆಯವಳು. ಅವಳ ತಾಯಿ, ಅಂದರೆ ನನ್ನ ಅತ್ತೆ ಗೌರಮ್ಮನವರು, ತಮ್ಮ ಹೊಲದ ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಕಟ್ಟಿ, ಬಿಸಿಲಿಗೆ ಒಣಹಾಕಿ, ಬೀಸುಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ, ಯುಗಾದಿ ಕಳೆದ ಮೇಲೆ ಒಂದು ಚೀಲ ಬೇಳೆಯನ್ನು ಬಸ್ಸಿಗೆ ಹಾಕಿ ಕಳಿಸುತ್ತಾರೆ. ಅದು ತವರಿನ ಬೇಳೆ. ಅದನ್ನು ಮುಟ್ಟುವುದು ಗೌರಿ ಹಬ್ಬದ ದಿನ. ಅತ್ತೆ ಅವತ್ತು ತಾವೇ ಬಾಗಿನ ತರುತ್ತಾರೆ, ಅವರು ಕಳಿಸಿದ ಬೇಳೆಯಲ್ಲೇ ಅವರಿಗೆ ಒಬ್ಬಟ್ಟು ಬಡಿಸಬೇಕು. ಅಷ್ಟು ದಿನ ಬೇಳೆ ಕೆಡದೆ ಉಳಿದಿದ್ದರೆ ಮಗಳು ಮನೆ ನಿಭಾಯಿಸುತ್ತಿದ್ದಾಳೆ ಎಂದು ಅರ್ಥ. ಹುಳ ಬಿದ್ದರೆ ಹುಳವನ್ನು ಯಾರೂ ಬೈಯುವುದಿಲ್ಲ, ಮಗಳನ್ನು ಬೈಯುತ್ತಾರೆ.

ಇಂಥ ಸೂಕ್ಷ್ಮವಾದ ವಿಷಯಕ್ಕೆ ನಾನು ಕೈ ಹಾಕಿದ್ದು ಬಾಯಿಚಪಲದಿಂದ. ಒಂದು ಭಾನುವಾರ ಜಯಳ ಹೆಸರುಕಾಳಿನ ಡಬ್ಬದಲ್ಲಿ ಹುಳ ಬಿದ್ದಿತ್ತು. ನಾನು ಸುಮ್ಮನಿರದೆ ಅಂಗಡಿಯ ಭೂತಗನ್ನಡಿ ತಂದು ಒಂದು ಹುಳವನ್ನು ಹಾಳೆಯ ಮೇಲೆ ಬಿಟ್ಟುಕೊಂಡು, ಅದರ ಬೆನ್ನ ಮೇಲಿನ ಚುಕ್ಕೆ, ಮೀಸೆ, ನಡಿಗೆಯ ಗತ್ತು ಎಲ್ಲವನ್ನೂ ಅವಳಿಗೆ ಬಣ್ಣಿಸಿ ಹೇಳಿದೆ. ಕೊನೆಗೆ, ಕಾಳು ಕಾಯುವುದೇನು ಮಹಾ ವಿದ್ಯೆಯೇ, ಸ್ವಲ್ಪ ಗಮನ ಇದ್ದರೆ ಸಾಕು ಎಂದೂ ಸೇರಿಸಿದೆ. ಜಯ ಮೊರ ಕೆಳಗಿಟ್ಟಳು. "ಹಂಗಾದ್ರೆ ಈ ವರ್ಷ ನೀವೇ ನೋಡ್ಕಳಿ. ಅಮ್ಮನ ಬೇಳೆ ಬತ್ತೈತೆ. ಒಂದು ದಿನ ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ, ಡಬ್ಬಕ್ಕೆ ತುಂಬೋದು. ಅಷ್ಟೇ ಕಣ್ರೀ," ಎಂದಳು. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟರಿಂದಲೇ ಅಪಾಯ ಗೊತ್ತಾಗಬೇಕಿತ್ತು.

ನಾನು ಬೇಳೆ ಕಾಯುತ್ತೇನೆಂಬ ಸುದ್ದಿ ಅಂಗಡಿ ಬೀದಿಗೆ ಹೇಗೆ ಹಬ್ಬಿತೋ, ಬಂದವರೆಲ್ಲ ಕಣ್ಣು ಪರೀಕ್ಷೆ ಬಿಟ್ಟು ಬೇಳೆಯ ಮಾತು ಎತ್ತತೊಡಗಿದರು. ಪಕ್ಕದ ಅಂಗಡಿಯ ಟೈಲರ್ ರುದ್ರಣ್ಣ, "ಬೇವಿನ ಸೊಪ್ಪು ಒಣಗಿಸಿ ಹಾಕ್ಬುಡಿ ಸಾರ್, ಹುಳ ಆ ಕಡೆ ತಲೆ ಹಾಕಿ ಮಲಗಲ್ಲ," ಎಂದ. ಒಬ್ಬರು ಒಣಮೆಣಸಿನಕಾಯಿ ಎಂದರು, ಇನ್ನೊಬ್ಬರು ಲವಂಗ ಎಂದರು. ಓದುವ ಕನ್ನಡಕಕ್ಕೆ ಬಂದ ನಿವೃತ್ತ ಮೇಷ್ಟ್ರೊಬ್ಬರು ಅಕ್ಕಿ ಡಬ್ಬದಲ್ಲಿ ಬೆಂಕಿಪೊಟ್ಟಣ ಇಡುವುದು ತಮ್ಮ ಮನೆಯ ಪದ್ಧತಿ ಎಂದು ಹೇಳಿ, ಹುಳಗಳು ಅದನ್ನು ಕಂಡು ಹೆದರುತ್ತವೆಯೋ ಏನೋ ತಮಗೆ ಗೊತ್ತಿಲ್ಲ, ಆದರೆ ಬೀಡಿ ಸೇದಬೇಕೆನಿಸಿದಾಗ ಪೊಟ್ಟಣ ಹುಡುಕುವುದು ತಪ್ಪಿದೆ ಎಂದರು. ಇವರೆಲ್ಲರ ಮಾತು ಕೇಳಿದ್ದರೆ ಡಬ್ಬದಲ್ಲಿ ಬೇಳೆಗೆ ಜಾಗವೇ ಇರುತ್ತಿರಲಿಲ್ಲ. ನಾನು ಎಲ್ಲರಿಗೂ ತಲೆಯಾಡಿಸಿ, ಜಯ ಹೇಳಿದಂತೆ ಬರೀ ಎಣ್ಣೆ ಸವರುವುದೆಂದು ತೀರ್ಮಾನಿಸಿದೆ.

ತೊಡಕಿದ್ದದ್ದು ಆ ಎಣ್ಣೆಯಲ್ಲೇ. ಹರಳೆಣ್ಣೆಗೂ ನನಗೂ ಹಳೆಯ ವೈರ. ಬೇಸಿಗೆ ರಜೆ ಬಂತೆಂದರೆ ನಮ್ಮಜ್ಜಿ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಹೊಟ್ಟೆ ತೊಳೆಯಬೇಕೆಂದು ಹರಳೆಣ್ಣೆ ಕುಡಿಸುತ್ತಿತ್ತು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬ ಜ್ಞಾನ ನನಗೆ ದೊರೆತದ್ದು ಅಜ್ಜಿಯ ಕೈಯಲ್ಲಿ. ಇವತ್ತಿಗೂ ಆ ಎಣ್ಣೆಯ ಹೆಸರು ಕೇಳಿದರೆ ನಾನು ಮೊದಲು ಬಚ್ಚಲು ಎಲ್ಲಿದೆ ಎಂದು ನೋಡುತ್ತೇನೆ. ಅಂಥದ್ದನ್ನು ಅಂಗಡಿಯಿಂದ ಕೊಂಡು ತಂದು, ಕೈಯಾರೆ ಸವರಿ, ಆಮೇಲೆ ಒಬ್ಬಟ್ಟಿನಲ್ಲಿ ತಿನ್ನುವುದೆಂದರೆ ನನ್ನ ಹೊಟ್ಟೆ ಒಪ್ಪಲಿಲ್ಲ.

ಅದೂ ಅಲ್ಲದೆ ನಾನು ತೆಂಗಿನ ಸೀಮೆಯವನು. ನಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಆಡಿಸಿ ತಂದ ಎಣ್ಣೆ ಅಡುಗೆಮನೆಯ ಮೂಲೆಯಲ್ಲಿ ಕ್ಯಾನ್ ತುಂಬ ಇತ್ತು. ನಮ್ಮ ಕಡೆ ಹುಟ್ಟಿದ ಕೂಸಿನ ನೆತ್ತಿಗೂ ಕೊಬ್ಬರಿ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಕೊಬ್ಬರಿ ಎಣ್ಣೆ, ಸುಟ್ಟ ಗಾಯಕ್ಕೂ ಅದೇ, ನನ್ನ ಅಂಗಡಿಯಲ್ಲಿ ಕನ್ನಡಕದ ಬಿಗಿಯಾದ ತಿರುಪಿಗೂ ಅದೇ. ಇಷ್ಟೆಲ್ಲಕ್ಕೆ ಆಗುವ ಎಣ್ಣೆ ಬೇಳೆಗೆ ಆಗುವುದಿಲ್ಲವೆಂದು ಯಾವ ಬಾಯಿಂದ ಹೇಳುವುದು? ಮನೆಯಲ್ಲಿ ಇದನ್ನಿಟ್ಟುಕೊಂಡು ಹರಳೆಣ್ಣೆ ಕೊಳ್ಳುವುದು ನಮ್ಮ ಮರಗಳಿಗೆ ಮಾಡುವ ಅವಮಾನ ಎನಿಸಿತು. ಜಯ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದ ದಿನ ಬೇಳೆಯನ್ನು ತಾರಸಿಯ ಮೇಲೆ ಹರಡಿ, ಛತ್ರಿ ಹಿಡಿದು ಪಾರಿವಾಳ ಓಡಿಸುತ್ತ ಒಣಗಿಸಿದೆ. ಆಮೇಲೆ ಎಣ್ಣೆ ಹೊಯ್ದೆ. ಸವರುವುದೆಂದರೆ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಉಜ್ಜುವುದು ಎಂದು ತಿಳಿದವರು ಹೇಳುತ್ತಾರೆ. ನನ್ನದು ಸ್ವಂತ ತೋಟದ ಎಣ್ಣೆ, ಜಿಪುಣತನ ಮಾಡಲಿಲ್ಲ. ಸಂಜೆ ಬಂದ ಜಯ, "ಎಣ್ಣೆ ಸವರಿದ್ರಾ?" ಎಂದು ಕೇಳಿದಳು. ಸವರಿದೆ ಎಂದೆ. ಬೇಳೆ ಬಂಗಾರದ ಹಾಗೆ ಹೊಳೆಯುತ್ತಿತ್ತು.

ಆಮೇಲೆ ನಾನು ಮಾಡಿದ ಕಾವಲನ್ನೂ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಕೊಬ್ಬರಿಗೆಂದು ಬಿಟ್ಟ ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಇರುತ್ತದೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುವವರೆಗೆ ಅದನ್ನು ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ, ಲೊಟಕ್ ಲೊಟಕ್ ಎಂದರೆ ಕೊಬ್ಬರಿ ಆಯಿತು ಎಂದು ಲೆಕ್ಕ. ಈ ಸಂಸ್ಕಾರದಲ್ಲಿ ಬೆಳೆದ ನಾನು ಬೇಳೆಯ ಡಬ್ಬವನ್ನೂ ಆಗಾಗ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಸದ್ದು ಚೆನ್ನಾಗಿಯೇ ಬರುತ್ತಿತ್ತು. ಮುಚ್ಚಿಟ್ಟದ್ದನ್ನು ತೆರೆದು ಮೂಸಿ ನೋಡಬೇಕೆಂದು ನಮ್ಮ ಮನೆತನದಲ್ಲಿ ಯಾರಿಗೂ ಹೊಳೆದಿಲ್ಲ, ನನಗೂ ಹೊಳೆಯಲಿಲ್ಲ. ಆಷಾಢ ಕಳೆಯಿತು, ಶ್ರಾವಣ ಕಳೆಯಿತು.

ಗೌರಿ ಹಬ್ಬದ ಹಿಂದಿನ ದಿನ ಜಯ ಡಬ್ಬದ ಮುಚ್ಚಳ ತೆಗೆದಳು. ನಾನು ಪಕ್ಕದಲ್ಲೇ ಭೂತಗನ್ನಡಿ ಹಿಡಿದು ನಿಂತಿದ್ದೆ. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ, ಡಬ್ಬದಲ್ಲಿ ಒಂದೇ ಒಂದು ಹುಳ ಇರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಇದ್ದದ್ದು ವಾಸನೆ. ಹಳೆಯ ಬಾಚಣಿಗೆ, ತೊಳೆಯದ ದಿಂಬು, ಮಳೆಯಲ್ಲಿ ನೆನೆದ ಟೋಪಿ ಮೂರನ್ನೂ ಒಂದೇ ಕಡೆ ಇಟ್ಟಂಥ ಕಮಟು ವಾಸನೆ. ಜಯ ಬೇಳೆಯನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದು, "ಯಾವ ಎಣ್ಣೆ?" ಎಂದಳು. "ನಮ್ದೇ," ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. "ನಾಳೆ ಅಮ್ಮ ಬತ್ತಾಳೆ," ಎಂದಷ್ಟೇ ಹೇಳಿದಳು.

ನನಗೆ ನಿಜಕ್ಕೂ ಸಂಕಟವಾಯಿತು. ಪರಿಹಾರಗಳನ್ನು ಒಂದರ ಹಿಂದೊಂದು ಮುಂದಿಟ್ಟೆ. ಅಂಗಡಿ ಬೇಳೆ ತರಲೇ ಎಂದೆ. "ಅಮ್ಮಂಗೆ ತನ್ನ ಬೇಳೆ ಗೊತ್ತಾಗಲ್ವಾ? ಬೇರೆಯವರ ಬೇಳೆ ಬಡಿಸಿ ನಿಂದೇ ಅನ್ಲಾ?" ಎಂದಳು. ಹಾಗಾದರೆ ಕಾಯಿ ಒಬ್ಬಟ್ಟು ಮಾಡು, ತೆಂಗಿನಕಾಯಿ ಬೇಕಾದಷ್ಟಿದೆ ಎಂದೆ. ತೆಂಗಿನ ಹೆಸರನ್ನು ಇವತ್ತು ಎತ್ತಬೇಡಿ ಎಂಬಂತೆ ನೋಡಿದಳು. ಬೇಳೆಯನ್ನು ಬಿಸಿನೀರಿನಲ್ಲಿ ತೊಳೆಯತೊಡಗಿದಳು. ನೀರಿನ ಮೇಲೆ ಎಣ್ಣೆ ತೇಲಿತು, ವಾಸನೆ ಬೇಳೆಯಲ್ಲೇ ಉಳಿಯಿತು. ತಲೆಯ ಜಿಡ್ಡು ಹೋಗುವುದಾದರೆ ಇದೂ ಹೋದೀತು, ಸ್ವಲ್ಪ ಸೀಗೆಪುಡಿ ಹಾಕಿ ನೋಡೋಣವೇ ಎಂದು ನಾನು ಕೇಳಿದ್ದು ಸದುದ್ದೇಶದಿಂದಲೇ. ನನ್ನನ್ನು ಅಡುಗೆಮನೆಯಿಂದ ಆಚೆ ಕಳಿಸಿದಳು.

ಮರುದಿನ ಅತ್ತೆ ಮೊರದ ಬಾಗಿನ ಹೊತ್ತು ಬೆಳಗಿನ ಬಸ್ಸಿಗೇ ಬಂದರು. ಪೂಜೆಯಾಯಿತು, ಎಲೆ ಹಾಕಿದರು, ನಾನು ಅತ್ತೆಯ ಪಕ್ಕದಲ್ಲಿ ಕೂತೆ. ಜಯ ಹೂರಣಕ್ಕೆ ಎಷ್ಟು ಏಲಕ್ಕಿ ಸುರಿದಿದ್ದಳೆಂದರೆ ಬೀದಿಯವರೆಗೂ ಅದರ ಘಮ. ಅತ್ತೆ ಒಬ್ಬಟ್ಟು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಸಾರು ಕಲಸಿಕೊಂಡು ಒಂದು ತುತ್ತು ಉಂಡರು. ಆಮೇಲೆ ಕೈ ಎಲೆಯ ಮೇಲೇ ನಿಂತಿತು. "ಈ ಸಲ ನನ್ ಕೈ ತಪ್ಪೈತೆ ಕಣೇ ಜಯ," ಎಂದರು. "ಮಣ್ಣು ಕಟ್ಟಿದ್ದು ಸರಿಯಾಗಿ ಒಣಗ್ಲಿಲ್ವೋ ಏನೋ, ಬೇಳೆ ಕಮಟಾಗೈತೆ. ಇಷ್ಟು ವರ್ಷದಲ್ಲಿ ಹಿಂಗಾಗಿರ್ಲಿಲ್ಲ. ವಯಸ್ಸಾಯ್ತು. ಬರೋ ವರ್ಷದಿಂದ ಬೇಳೆ ಮಾಡೋದು ಬುಟ್ಬುಡ್ತೀನಿ."

ಜಯ ಸೌಟು ಹಿಡಿದು ನಿಂತೇ ಇದ್ದಳು. ತಾಯಿ ತನ್ನ ಕೈಯನ್ನೇ ಅನುಮಾನಿಸುತ್ತಿದ್ದಾಳೆ. ಅಲ್ಲ ಎನ್ನಬೇಕಾದರೆ ಗಂಡನನ್ನು ತಾಯಿಯ ಮುಂದೆ ಸಣ್ಣವನನ್ನಾಗಿ ಮಾಡಬೇಕು. ಅವಳ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ಇನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮಾತು ಹೇಗೆ ಶುರು ಮಾಡುವುದೆಂದು ತೋಚದೆ, ಅತ್ತೆಗೆ ತುಪ್ಪ ಬಡಿಸುವ ನೆಪದಲ್ಲಿ ಮುಂದೆ ಬಗ್ಗಿದೆ. ಅತ್ತೆಯ ಮೂಗು ಅರಳಿತು. ಅವರು ಒಬ್ಬಟ್ಟಿನ ಚೂರನ್ನು ಮೂಸಿದರು, ನನ್ನ ಕಡೆ ನೋಡಿದರು.

"ಅಳೀಮಯ್ಯ, ಒಸಿ ತಲೆ ಬಗ್ಸಿ," ಎಂದರು. ಬಗ್ಗಿಸಿದೆ. ಹಬ್ಬವೆಂದು ಬೆಳಿಗ್ಗೆ ಅದೇ ಕ್ಯಾನಿನ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದೆ. ಅತ್ತೆ ನನ್ನ ತಲೆಯನ್ನು ಒಮ್ಮೆ, ಒಬ್ಬಟ್ಟನ್ನು ಒಮ್ಮೆ ಮೂಸಿ, "ಎರಡೂ ಒಂದೇ ವಾಸ್ನೆ ಹೊಡೀತೈತಲ್ಲ. ಬೇಳೆಗೆ ಏನು ಸವರಿದ್ರಿ?" ಎಂದು ಕೇಳಿದರು. "ಕೊಬ್ಬರಿ ಎಣ್ಣೆ, ಅತ್ತೆ. ಜಯಂದೇನೂ ತಪ್ಪಿಲ್ಲ, ಎಲ್ಲಾ ನಂದೇ," ಎಂದೆ. ಅತ್ತೆ ಎಡಗೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಬುಡು ಮತ್ತೆ, ನನ್ ಕೈ ನೆಟ್ಟಗೇ ಐತೆ. ನಾನು ಎಲ್ಲಿ ಮುದಿಯಾಗ್ಬುಟ್ನೋ ಅಂತ ಎದೆ ಒಡ್ಕಂಡಿದ್ದೆ," ಎಂದು ಅದೇ ಕಮಟು ಒಬ್ಬಟ್ಟನ್ನು ಇನ್ನೊಂದು ಹಾಕಿಸಿಕೊಂಡು, ತುಪ್ಪದಲ್ಲಿ ಮುಳುಗಿಸಿ, ಬಿಡದೆ ತಿಂದರು. ಜಯಳೂ ನಕ್ಕಳು. ಆ ನಗು ಬಂದದ್ದು ನನ್ನಿಂದಲೇ ಎಂದು ನನಗೂ ಸಮಾಧಾನವಾಯಿತು. ಉಳಿದ ಬೇಳೆಯನ್ನು ಹಿಂದಿನ ಬೀದಿಯ ಹಸುವಿಗೆ ಕೊಟ್ಟೆವು. ಅದು ಮೂಸಿ, ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ತಿಂದಿತು.

ಬೇಳೆಯ ಉಸ್ತುವಾರಿ ಅವತ್ತೇ ಜಯಳ ಕೈಗೆ ಮರಳಿತು. ನಾನೂ ಅಡ್ಡ ಮಾತಾಡಲಿಲ್ಲ, ಆದರೆ ಒಳಗೊಳಗೇ ಮುಖ ಸಣ್ಣದಾಗಿತ್ತು. ಅತ್ತೆ ಅದನ್ನು ಗಮನಿಸಿದ್ದರೆಂದು ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ಶೆಟ್ಟಿಕೆರೆ ಬಸ್ಸಿನಲ್ಲಿ ಒಂದು ದೊಡ್ಡ ಚೀಲ ಬಂತು, ಹಿಂದೆಯೇ ಫೋನೂ ಬಂತು. "ಈ ಚೀಲಕ್ಕೆ ನೀನು ಕೈ ಹಾಕ್ಬೇಡ ಕಣೇ. ಇದು ಅಳೀಮಯ್ಯಂಗೆ. ಅವ್ರೇ ಕಾಯ್ಕಳ್ಲಿ. ಪಾಪ, ಆಸೆ ಇಟ್ಕಂಡವ್ರೆ," ಎಂದು ಅತ್ತೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು. ಅಷ್ಟೆಲ್ಲ ಆದ ಮೇಲೂ ನನ್ನನ್ನು ನಂಬಿ ಕಳಿಸಿದ್ದಾರಲ್ಲ ಎಂದು ಎದೆ ತುಂಬಿ ಬಂತು. ಓಡಿ ಹೋಗಿ ಚೀಲದ ಬಾಯಿ ಬಿಚ್ಚಿದೆ.

ಒಳಗೆ ರಾಗಿ ಇತ್ತು. ಒಣಗಿದ ರಾಗಿಗೆ ಹುಳ ಬೀಳುವುದಿಲ್ಲವೆಂದು ನಮ್ಮ ಸೀಮೆಯಲ್ಲಿ ಎಳೆಮಗುವಿಗೂ ಗೊತ್ತು. ಹಿಂದಿನವರು ಅದನ್ನು ನೆಲದೊಳಗಿನ ಹಗೇವಿಗೆ ಸುರಿದು, ಮೇಲೆ ಮಣ್ಣು ಮುಚ್ಚಿ, ಎಷ್ಟೋ ವರ್ಷದ ಮೇಲೆ ನೆನಪಾದಾಗ ತೆಗೆದು ಮುದ್ದೆ ಮಾಡಿ ಉಣ್ಣುತ್ತಿದ್ದರು. ನಾನು ಜಯಳ ಮುಖ ನೋಡಿದೆ, ಅವಳು ಬೇಕೆಂದೇ ಕಿಟಕಿಯ ಕಡೆ ನೋಡುತ್ತಿದ್ದಳು. ಇರಲಿ, ಕೊಟ್ಟ ಕೆಲಸ ಬಿಡಬಾರದು. ಪ್ರತಿ ಭಾನುವಾರ ಚೀಲ ಬಿಚ್ಚಿ, ಒಂದು ಹಿಡಿ ಹಾಳೆಯ ಮೇಲೆ ಹರಡಿ, ಬೆಳಕಿಗೆ ಹಿಡಿದು ಪರೀಕ್ಷಿಸುತ್ತೇನೆ. "ಹೆಂಗೈತ್ರೀ ನಿಮ್ ರಾಗಿ?" ಎಂದು ಜಯ ಕೇಳುತ್ತಾಳೆ. "ಒಂದು ಹುಳ ಇಲ್ಲ," ಎನ್ನುತ್ತೇನೆ. ಅವಳು ಗಂಭೀರವಾಗಿ ತಲೆಯಾಡಿಸುತ್ತಾಳೆ. ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನು ಉಳಿದುಕೊಂಡು ಬಂದ ಧಾನ್ಯಕ್ಕೆ ಹೀಗೊಬ್ಬ ಕಾವಲುಗಾರ ಸಿಕ್ಕಿದ್ದು ಬಹುಶಃ ಇದೇ ಮೊದಲು. ಅದೂ ಪಾಪ, ನನ್ನನ್ನು ಸಹಿಸಿಕೊಂಡು ಕೆಡದೆ ಕೂತಿದೆ.