ಎಂಟಡಿ ಹೊಲದ ಎಳ್ಳಮಾವಾಸ್ಯೆ

ಹೊಲವಿಲ್ಲದ ಮನುಷ್ಯನಿಗೆ ಹೊಲದ ಬಗ್ಗೆ ಇರುವಷ್ಟು ಜ್ಞಾನ ಹೊಲವಿದ್ದವನಿಗೆ ಇರುವುದಿಲ್ಲ. ಇದು ಸ್ವಂತ ಅನುಭವದ ಮಾತು. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನನಗೆ ಅಂಗೈಯಗಲ ಜಮೀನಿಲ್ಲ. ಅಜ್ಜನ ಕಾಲಕ್ಕೆ ಕಪ್ಪು ಮಣ್ಣಿನ ಎರೆ ಹೊಲ ಇತ್ತಂತೆ. ಹೊಲ ಹೋಯಿತು, ಅದರ ಗತ್ತು ಮಾತ್ರ ಎಲ್ಲೂ ಸೋರದೆ ನನ್ನವರೆಗೆ ಬಂದಿದೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಹೊಲವಿದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅದರಲ್ಲಿ ಒಂದಿಷ್ಟನ್ನು ನಿಂತ ಬೆಳೆಯ ಸುತ್ತ ಚರಗ ಎಂದು ಚೆಲ್ಲುತ್ತಾರೆ. ಭೂಮಿತಾಯಿಗೆ ಮೊದಲ ತುತ್ತು ಅದು. ಹೊಲವಿಲ್ಲದವರು ಅವರ ಬೆನ್ನು ಹತ್ತಿ ಹೋಗಿ, ಎರಡನೆಯ ತುತ್ತಿನಿಂದ ಕೊನೆಯ ತುತ್ತಿನವರೆಗೆ ತಾವು ನೋಡಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ನಾನು ಈ ಸೇವೆಯನ್ನು ಯಂಕಂಚಿಯಲ್ಲಿ, ಹೆಂಡತಿಯ ತಮ್ಮ ಮಲ್ಲಪ್ಪನ ಹೊಲದಲ್ಲಿ, ಒಂದು ವರ್ಷವೂ ತಪ್ಪದೆ ಸಲ್ಲಿಸಿದ್ದೇನೆ. ಅಂಥದೊಂದು ಎಳ್ಳಮಾವಾಸ್ಯೆಯಲ್ಲಿ ನಾನು ಐದನೆಯ ಶೇಂಗಾ ಹೋಳಿಗೆಗೆ ಕೈ ಹಾಕಿದಾಗ ಮಲ್ಲಪ್ಪ, "ಮಾಮಾರ, ಒಂದ್ ವರ್ಷರ ನಿಮ್ಮ ಹೊಲದಾಗ ನಮಗ ಉಣ್ಣಾಕ ಹಾಕ್ರೆಲಾ" ಎಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ಮಹಾದೇವಿ ಎಲ್ಲರಿಗಿಂತ ಹೆಚ್ಚು ನಕ್ಕಳು. ನನಗೆ ನಿಜವಾಗಿ ಚುಚ್ಚಿತು. ಹೋಳಿಗೆ ಕೆಳಗಿಡದೆಯೇ, "ಬರೂ ಎಳ್ಳಮಾಸಿ ಚರಗ ನಮ್ಮ ಹೊಲದಾಗ. ಎಲ್ಲಾರೂ ಬರ್ರಿ" ಎಂದುಬಿಟ್ಟೆ.

ಆಡಿದ್ದನ್ನು ಮರೆಯುವುದರಲ್ಲಿ ನಾನು ಗಟ್ಟಿಗ. ಆದರೆ ದೀಪಾವಳಿ ಮುಗಿದ ಮೇಲೆ ಮಹಾದೇವಿ, "ನಮ್ಮ ತಮ್ಮ ಫೋನ್ ಮಾಡಿದ್ದ. ಮಾಮಾರ ಹೊಲ ಯಾವ ದಿಕ್ಕಿಗೈತಿ ಅಂತ ಕೇಳಾಕತ್ತಾನ" ಎಂದಳು. ಅಂದೇ ಮೊಬೈಲಿನ ವಿಡಿಯೊದಲ್ಲಿ ಒಬ್ಬ ಮಹಾನುಭಾವ ಪ್ರತ್ಯಕ್ಷನಾದ. ಮನೆಯಲ್ಲಿ ಬಿದ್ದಿರುವ ಹಳೆಯ ಹಲಗೆ ಸಾಕು, ಖರ್ಚಿಲ್ಲದೆ ಏರುಮಡಿ ಕಟ್ಟಿರಿ ಎಂದ. ಏರುಮಡಿ ಎಂದರೆ ನೆಲದ ಮೇಲೆ ಮೊಣಕಾಲೆತ್ತರದ ತಳವಿಲ್ಲದ ಪೆಟ್ಟಿಗೆ, ಅದರ ತುಂಬ ಮಣ್ಣು. ಅವನ ಮಡಿಯಲ್ಲಿ ಟೊಮ್ಯಾಟೊ ಜೋತಾಡುತ್ತಿದ್ದವು. ಅವನ ಅಂಗಿಗೆ ಒಂದು ಹನಿ ಕೆಸರು ತಾಗಿರಲಿಲ್ಲ. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಹಿತ್ತಲಲ್ಲಿ ಬಚ್ಚಲದ ಕಟ್ಟಿಗೆಗೆ ಮುಚ್ಚಿದ್ದ ಎರಡು ಹಳೆಯ ಕದಗಳನ್ನು ಎತ್ತಿ ಅಲ್ಲೇ ಹಿತ್ತಲ ನಡುವೆ ತಂದು ನಿಲ್ಲಿಸಿದೆ. ಎರಡು ಬದಿಗೆ ಅವು, ತಲೆಗೂ ಕಾಲಿಗೂ ಮನೆಯ ನೆಲಕ್ಕೆ ಹಾಸಿ ಉಳಿದಿದ್ದ ಫರಸಿ ಕಲ್ಲು, ಸುತ್ತ ತಂತಿ. ಎಂಟಡಿ ಉದ್ದ, ಮೂರಡಿ ಅಗಲದ ಜಮೀನು ಸಿದ್ಧವಾಯಿತು. ಪರಿಚಯದವರೊಬ್ಬರ ಹೊಲದಿಂದ ಅಪ್ಪಟ ಎರೆ ಮಣ್ಣನ್ನು ಟಂಟಂ ಗಾಡಿಯಲ್ಲಿ ಹೇರಿಸಿದೆ. ಪಕ್ಕದ ಮನೆಯ ದಸ್ತಗೀರಸಾಬರು ಗೋಡೆಯಾಚೆಯಿಂದ ಇಣುಕಿದರು. ಅವರು ಬಣ್ಣದ ಖಾಲಿ ಡಬ್ಬಿಗಳಲ್ಲಿ ಮೆಣಸಿನಗಿಡ ಬೆಳೆಸಿ ಓಣಿಗೆಲ್ಲ ಕಾಯಿ ಹಂಚುವವರು. "ಸರ, ಬರೇ ಎರಿ ತುಂಬಬ್ಯಾಡ್ರಿ. ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ಉಸುಕು, ತಿಪ್ಪಿ ಗೊಬ್ಬರ ಬೆರಸ್ರಿ" ಎಂದರು.

"ಎರಿ ಮಣ್ಣಿಗೆ ಉಸುಕು ಬೆರಸೂದಂದ್ರ ಹಾಲಿಗೆ ನೀರ ಬೆರಸಿದಂಗ್ರಿ. ನಮ್ಮ ಅಜ್ಜ ಇದ್ದಿದ್ರ ಏನಂತಿದ್ದ?"

"ನಿಮ್ಮ ಅಜ್ಜ ಪೆಟ್ಟಿಗ್ಯಾಗ ಬಿತ್ತಿದ್ದಿಲ್ಲಲ್ರಿ" ಎಂದು ಅವರು ಒಳಗೆ ಹೋದರು. ಡಬ್ಬಿ ಬೇಸಾಯಗಾರರ ಜೊತೆ ಏನು ವಾದ ಎಂದು ನಾನೂ ಬಿಟ್ಟೆ.

ಮೆಂತ್ಯ ಬಿತ್ತಿದೆ. ಪ್ರೀತಿ ಹೆಚ್ಚಾಗಿ ಮುಂಜಾನೆ ಎರಡು ಕೊಡ, ಸಂಜೆ ಎರಡು ಕೊಡ ನೀರು ಹಾಕಿದೆ. ವಾರದಲ್ಲಿ ಎಮ್ಮೆ ಬಿದ್ದುಕೊಳ್ಳಬಹುದಾದಂಥ ರಾಡಿಯಾಯಿತು. ಹೆದರಿ ನೀರು ನಿಲ್ಲಿಸಿದೆ. ಮಣ್ಣು ಕೈ ಹೋಗುವಷ್ಟು ಬಿರಿಯಿತು. ಬಿರುಕು ಮುಚ್ಚಲು ಮತ್ತೆ ನೀರು ಬಿಟ್ಟೆ. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಮಣ್ಣು ಉಬ್ಬಿ, ತಂತಿ ಹರಿದು, ಒಂದು ಕದ ಧೊಪ್ಪನೆ ಬಿತ್ತು. ಅರ್ಧ ಜಮೀನು ಮಹಾದೇವಿ ತೊಳೆದಿಟ್ಟ ಪಾತ್ರೆಗಳ ಮೇಲೆ ಹರಿಯಿತು. ಅವಳು ಕೆಸರು ತುಂಬಿದ ತಂಬಿಗೆ ಎತ್ತಿ ತೋರಿಸಿ, "ನಿಮ್ಮ ಹೊಲ ಮನಿಗೇ ಬಂದೈತಿ ನೋಡ್ರಿ. ಚರಗ ಅಡಗಿ ಮನ್ಯಾಗ ಚೆಲ್ಲೂಣೇನು?" ಎಂದಳು.

ಕದವನ್ನು ಹಗ್ಗದಿಂದ ಬಿಗಿದು, ಮಣ್ಣನ್ನು ಮರಳಿ ತುಂಬಿದೆ. ಆದರೆ ಬೆಳೆ? ಒಂದೇ ಒಂದು ಮೊಳಕೆ ಇರಲಿಲ್ಲ. ಯಂಕಂಚಿಯಿಂದ ಹನ್ನೆರಡು ಜನ ಹೊರಟಿದ್ದರು. ಮರ್ಯಾದೆ ಎಂಬುದು ಮನುಷ್ಯನನ್ನು ಎಂಥ ಕೆಲಸಕ್ಕೂ ಹಚ್ಚುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಕಾಯಿಪಲ್ಲೆ ಬಜಾರಿಗೆ ಓಡಿ, ಬೇರುಸಹಿತ ಇದ್ದ ಮೆಂತ್ಯದ ಹದಿನೈದು ಸಿವುಡು, ಅಂದರೆ ಕಟ್ಟು, ತಂದು ಗಡಿಬಿಡಿಯಲ್ಲಿ ಮಡಿಯ ತುಂಬ ಊರಿಬಿಟ್ಟೆ. ನೀರು ಚಿಮುಕಿಸಿ ದೂರ ನಿಂತು ನೋಡಿದರೆ, ಆ ಮೊಬೈಲಿನವನೂ ಹೊಟ್ಟೆಕಿಚ್ಚು ಪಡಬೇಕು, ಅಷ್ಟು ಹಸಿರು.

ಮಲ್ಲಪ್ಪ ಬಂದ. ನೋಡಿದ. ನಗುತ್ತಾನೆಂದು ಕಾದೆ, ನಗಲಿಲ್ಲ. ಚಪ್ಪಲಿ ಕಳಚಿ, ಟವೆಲ್ ತಲೆಗೆ ಸುತ್ತಿ, ತನ್ನ ಹೊಲದಲ್ಲಿ ಮಾಡುವ ಹಾಗೆಯೇ ಕೂಗುತ್ತ ಚರಗ ಚೆಲ್ಲಿದ. ಹಿಂದೆ ನಾನು ತಂಬಿಗೆಯಿಂದ ನೀರು ಹಾಕುತ್ತ ನಡೆದೆ. ಒಂದು ಸುತ್ತು ಮುಗಿಯಲು ಹನ್ನೆರಡು ಹೆಜ್ಜೆ ಸಾಕಾಯಿತು. ಸುಳ್ಳೇಕೆ, ಆ ಹನ್ನೆರಡು ಹೆಜ್ಜೆಯಲ್ಲಿ ನನ್ನ ಕಣ್ಣು ತುಂಬಿ ಬಂದವು.

ಊಟಕ್ಕೆ ಕುಳಿತೆವು. ರೊಟ್ಟಿಯ ಜೊತೆ ಹಸಿ ಮೆಂತ್ಯ ಇರಲೆಂದು ಮಲ್ಲಪ್ಪ ಪಕ್ಕದ ಮಡಿಗೆ ಕೈ ಹಾಕಿ ಒಂದು ಗಿಡ ಕಿತ್ತ. ಅದರ ಹಿಂದೆ ಇಪ್ಪತ್ತು ಗಿಡ ಒಟ್ಟಿಗೇ ಎದ್ದು ಬಂದವು. ಅವನು ತಿರುಗಿಸಿ ನೋಡಿದ. ಎಲ್ಲರೂ ನೋಡಿದರು. ಗಡಿಬಿಡಿಯಲ್ಲಿ ನಾನು ಸಿವುಡಿನ ದಾರವನ್ನೇ ಬಿಚ್ಚಿರಲಿಲ್ಲ.

"ಮಾಮಾರ," ಎಂದ ಅವನು ಬಹಳ ಮರ್ಯಾದೆಯಿಂದ, "ನಿಮ್ಮ ಹೊಲದಾಗ ಮೆಂತೆ ಸಿವುಡು ಕಟಗೊಂಡೇ ಹುಟ್ಟತೈತೇನ್ರಿ?"

ಗೋಡೆಯಾಚೆ ದಸ್ತಗೀರಸಾಬರಿಗೆ ಕೆಮ್ಮು ಬಂತು. ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಲ್ಲಪ್ಪ ಮಾತ್ರ ಉಂಡು ಕೈ ತೊಳೆದವನೇ ಕುಕ್ಕರಗಾಲಲ್ಲಿ ಕುಳಿತು, ಸಿವುಡುಗಳನ್ನೆಲ್ಲ ಬಿಚ್ಚಿ, ದಸ್ತಗೀರಸಾಬರ ಮನೆಯಿಂದ ಎರಡು ಬುಟ್ಟಿ ಉಸುಕು, ಒಂದು ಬುಟ್ಟಿ ಗೊಬ್ಬರ ತರಿಸಿ ಮಣ್ಣಿಗೆ ಬೆರೆಸಿ, ಬದುಕಬಹುದಾದ ಗಿಡಗಳನ್ನು ಸಾಲಿಗೆ ನೆಟ್ಟ. ಅಜ್ಜನ ಹೆಸರು ಆಗ ಯಾಕೋ ನನ್ನ ಬಾಯಿಗೆ ಬರಲಿಲ್ಲ.

ಹೊರಡುವಾಗ, "ಬರೂ ವರ್ಷನೂ ನಿಮ್ಮ ಹೊಲಕ್ಕ ಬರ್ತೇವ್ರಿ ಮಾಮಾರ. ಮೆಂತೆ ನಾವ ತರ್ತೇವು" ಎಂದ.

ನಾನು ಜಮೀನ್ದಾರನ ಗತ್ತಿನಿಂದ ತಲೆಯಾಡಿಸಿ, "ತರ್ರಿ, ಆದ್ರ ದಾರ ಬಿಚ್ಚಿ ತರ್ರಿ" ಎಂದೆ.