ಬಾಜೂ ಮನ್ಯಾಕಿಯ ಸೆಕ್ಯೂರಿಟಿ ಕೆಲಸ

ಸ್ವಲ್ಪ ಹತ್ತರ ಬರ್ರಿ. ಇನ್ನೂ ಸ್ವಲ್ಪ. ಈ ಮಾತು ನನ್ನ ನಿಮ್ಮ ನಡುವಽ ಇರ್ಲಿ, ಮತ್ತೊಬ್ಬರ ಕಿವಿಗೆ ಬಿದ್ರ ನನ್ನಾಣಿ ಐತಿ. ನಾನೂ ಯಾರ ಮುಂದೂ ಹೇಳಿಲ್ಲ. ಹೂವಿನಾಕಿ ಮುಂದ, ಹಾಲಿನಾಕಿ ಮುಂದ, ಆಮ್ಯಾಲ ಇಳಕಲ್ಲ ಬಸ್ಸಿನ್ಯಾಗ ಬಾಜೂಕ ಕುಂತಾಕಿ ಮುಂದ ಹೇಳೇನಿ, ಅಷ್ಟ. ನಮ್ಮ ಓಣ್ಯಾಗ ಇಂಥಾವು ನಡೀತಾನ ಇರ್ತಾವು. ನಾ ಹುಡುಕ್ಕೊಂಡು ಹೋಗೂದಿಲ್ರಿ, ಅವಽ ನನ್ನ ಹುಡುಕ್ಕೊಂಡು ಬರ್ತಾವು.

ಹಳೇ ಬಾಗಲಕೋಟ್ಯಾಗ ನಮ್ಮ ಮನಿಗೂ ಬಾಜೂ ಮನಿಗೂ ಒಂದಽ ಗ್ವಾಡಿ ಇತ್ತು. ಆ ಕಡೆ ಒಗ್ಗರಣಿ ಹಾಕಿದ್ರ ಈ ಕಡೆ ನಾ ಸೀನತಿದ್ದೆ. ನಾ ಸೀನಿದ್ರ ಆ ಕಡಿಂದ "ಏನವಾ, ನೆಗಡಿ ಆತೇನು?" ಅಂತ ಕೇಳತಿದ್ರು. ಡ್ಯಾಮಿನ ನೀರಾಗ ಊರು ಮುಳುಗಡಿ ಆತು, ಎಲ್ಲಾರೂ ನವನಗರಕ್ಕ ಬಂದ್ವಿ. ಇಲ್ಲಿ ಮನಿಗೊಂದು ಕಂಪೌಂಡು, ಕಂಪೌಂಡಿಗೊಂದು ಗೇಟು. ನಮ್ಮನ್ಯಾವ್ರು ತೀರಿಕೊಂಡ ಮ್ಯಾಲಂತೂ ನಾ ಸೀನಿದ್ರ ನನಗ ನಾನಽ ನೆಗಡಿ ಕೇಳ್ಕೋಬೇಕು.

ಹಂಗಿದ್ದಾಗ ಬಾಜೂ ಮನಿಗೆ ಬಾಡಿಗಿಗೆ ಒಬ್ಬಾಕಿ ಬಂದ್ಳು. ಕೆರೂರ ಹುಡುಗಿ, ಲಗ್ನ ಆಗೇತಿ. ಗಂಡ ಸೋಲಾರ್ ಕೆಲಸಕ್ಕ ಊರೂರು ತಿರಗ್ತಾನ, ಈಕಿ ಮನ್ಯಾಗ ಕಂಪ್ಯೂಟರ್ ಮುಂದ. ದಿನಾ ಸಂಜಿಮುಂದ ಚಾದ ಲೋಟಾ ಹಿಡಕೊಂಡು ಕಂಪೌಂಡ್ ಗ್ವಾಡಿಗೆ ಬರ್ತಿದ್ಳು. ಅರ್ಧಾ ತಾಸು ನನ್ನ ಕೂಡ ಮಾತು. ನನಗ ದಿನಾ ಅಂದ್ರ ಆ ಅರ್ಧಾ ತಾಸಽ ಇತ್ತು. ಅದನ್ನ ನಾ ಕಳಕೊಂಡದ್ದು ಹೆಂಗ, ಕೇಳ್ರಿ.

ಮಷೀನು ಕಲ್ತ ವಿದ್ಯಾ

ಒಂದಿನ ಮಾರಿ ಸಣ್ಣ ಮಾಡ್ಕೊಂಡು ಬಂದ್ಳು. "ಆಯಿ, ಪ್ರೋಗ್ರಾಮ್ ಬರಿಯೂದು ಈಗ ಮಷೀನಽ ಕಲ್ತೈತ್ರಿ. ನಾ ಒಂದು ವಾರ ಬರಿಯೂದನ್ನ ಅದು ಚಾ ಆರೂದ್ರಾಗ ಬರೀತೈತಿ. ಮುಂದ ನಮ್ಮ ನೌಕರಿ ಇರ್ತಾವೋ ಇಲ್ಲೋ."

ಹೋದ ವರ್ಷ ಬಾದಾಮಿ ಕಡೀ ಲಗ್ನದ ದಲ್ಲಾಳಿ "ವರಾ ಸಾಫ್ಟ್‌ವೇರು" ಅಂತ ಎದಿ ಉಬ್ಬಿಸಿ ಹೇಳ್ತಿದ್ದ. ಈ ವರ್ಷ "ವರಾ ಸಾಫ್ಟ್‌ವೇರಽ ಖರೆ, ಆದ್ರ ಮನೀ ಕಡೆ ಹೊಲಾ ಐತ್ರಿ" ಅಂತಾನ. ನನಗೂ ದಿಗಿಲಾತು.

"ಆ ಮಷೀನು ಮಂದೀ ಮನೀ ಸುದ್ದಿ ಹೇಳ್ತೈತೇನವಾ?" ಅಂದೆ.

"ಕೇಳಿದ್ರ, ಇನ್ನೊಬ್ಬರ ವಿಷಯ ನಾ ಹೇಳೂದಿಲ್ಲ ಅಂತೈತ್ರಿ."

"ಸದ್ಯ! ನನ್ನ ನೌಕರಿಗೇನು ಧಕ್ಕಿ ಇಲ್ಲ."

ನಗಾಕ ಹತ್ತಿದಾಕಿ ಕೈಯಾಗಿನ ಚಾ ಚೆಲ್ಲಿಬಿಟ್ಳು.

ನೀಲಿ ಅಂಗಿ

ಖರೆ ಹೇಳ್ತೇನಿ, ಆಕಿ ಏನು ಕೆಲಸ ಮಾಡ್ತಾಳಂತ ನನಗ ಗೊತ್ತಽ ಇರಲಿಲ್ಲ. ಒಂದು ಸಂಜಿ ಕೇಳೇ ಬಿಟ್ಟೆ.

"ಸೆಕ್ಯೂರಿಟಿ ಕೆಲಸ ರೀ ಆಯಿ," ಅಂದ್ಳು. "ಹೊರಗಿನಾವ್ರು ಒಳಗ ನುಗ್ಗದಂಗ ನೋಡ್ಕೊಳ್ಳೂದು."

ಬ್ಯಾಂಕಿನ ಮುಂದ ನೀಲಿ ಅಂಗಿ ಹಾಕ್ಕೊಂಡು ಸ್ಟೂಲಿನ ಮ್ಯಾಲ ಕುಂದರ್ತಾನಲ್ಲ, ಅವನಽ ನನಗ ಗೊತ್ತಿದ್ದ ಸೆಕ್ಯೂರಿಟಿ. ಇಂಜಿನಿಯರಿಂಗ್ ಕಲ್ತ ಹುಡುಗಿಗೆ ಇದೇನು ಬಂತು! ಎಂಟು ದಿನ ಆಕಿ ಅರಿವಿ ಒಣಹಾಕೂ ಹಗ್ಗ ನೋಡಿದೆ. ನೀಲಿ ಅಂಗಿ ಕಾಣಲಿಲ್ಲ. ಪಾಪ, ಮರ್ಯಾದಿಗೆ ಅಂಜಿ ಒಳಗಽ ಒಣಗಸ್ತಾಳ ಅಂತ ಕರಳು ಚುರ್ ಅಂತು. ಕರಳು ಚುರ್ ಅಂದ್ರ ಸುಮ್ಮನಿರಾಕ ಆಗತೈತೇನ್ರಿ? ಹೂವಿನಾಕಿ ಮುಂದ ಹೇಳಿದೆ. ಇಳಕಲ್ಲಿಗೆ ಬಸರಿ ಹುಡುಗೀ ಕುಬಸಕ್ಕ ಹೋದಾಗ ಅಲ್ಲಿ ನಾಕು ಮಂದಿ ಹೆಣ್ಮಕ್ಕಳ ಮುಂದ ಹೇಳಿದೆ. ಅವರಾಗ ಒಬ್ಬಾಕಿ ಕೆರೂರಿನಾಕಿ.

ಮುಂದಿನ ಸೋಮವಾರ ಆಕಿ ಅಪ್ಪ ಬೆಳಗಿನ ಬಸ್ಸಿಗೆ ಬಂದಿಳಿದ. ಗೇಟಿನಾಗ ನಿಂತು, ಕಣ್ಣಾಗ ನೀರು ತಂದು ಕೇಳಿದ:

"ಮಗಳ, ನೀ ಯಾವ ಬಾರಿನ ಬಾಗಲಾ ಕಾಯ್ತಿಯವಾ?"

ನೋಡ್ರಿ, ಬ್ಯಾಂಕಿನ ಮುಂದ ಇದ್ದಾಕಿ ಕೆರೂರ ಮುಟ್ಟೂದ್ರಾಗ ಬಾರಿನ ಮುಂದ ಬಂದು ನಿಂತಿದ್ಳು. ಬಾರಿನ ಮಾತು ನಂದಲ್ಲ. ನಾ ಬ್ಯಾಂಕ್ ಅಂತ ಅಷ್ಟಽ ಹೇಳಿದ್ದೆ.

ತಿದ್ದುಪಡಿ

ಆಕಿ ಗ್ವಾಡಿಗೆ ಬಂದ್ಳು. ಕೈಯಾಗ ಚಾ ಇರಲಿಲ್ಲ.

"ಆಯಿ, ನಾ ವಾಚ್‌ಮನ್ ಅಲ್ರಿ. ಕಂಪನ್ಯಾವ್ರು ನನಗ ಪಗಾರ ಕೊಡೂದು ಅವರ ಕಂಪ್ಯೂಟರಿನ್ಯಾಗ ನಾನಽ ಮೊದಲ ನುಗ್ಗಿ ನೋಡ್ಲಿ ಅಂತ. ಕಳ್ಳರು ಎಲ್ಲಿಂದ ಬರಬಹುದು ಅನ್ನೂದನ್ನ ಕಂಡು ಹಿಡೀಬೇಕಲ್ಲ? ಈಗ ನೀವಽ ಕೆಡಿಸೀರಿ, ನೀವಽ ಸರಿ ಮಾಡ್ರಿ."

ಮಾಡಿದೆನ್ರಿ. ಒಂದು ಮನಿ ಬಿಡಲಿಲ್ಲ. ಬಿಸಲಾಗ ಕಾಲು ಸುಟ್ಕೊಂಡು ಗೇಟು ಗೇಟಿಗೆ ಹೋಗಿ ಹೇಳಿ ಬಂದೆ: "ತಪ್ಪು ತಿಳೀಬ್ಯಾಡ್ರಿ ತಂಗಿ, ಆಕಿ ವಾಚ್‌ಮನ್ ಅಲ್ಲ. ಆಕಿ ಕಳ್ಳಿ. ಪಗಾರ ಕೊಟ್ಟು ಇಟ್ಕೊಂಡಾರ."

ಎರಡು ದಿನದಾಗ ಇಳಕಲ್ಲಿನಿಂದ ಆ ಮನಿ ಮಾಲಕ ಬಂದ. ತನ್ನ ಮನೀ ನಳಾ, ಫ್ಯಾನು ಎಲ್ಲಾ ಎಣಿಸಿ ನೋಡಿ, ಮನಿ ಖಾಲಿ ಮಾಡು ಅಂದ. ಆಕಿ ಕಂಪನಿ ಕಾಗದಾ ತೋರಿಸಿದ್ಳು. ಮಾಲಕ ತನ್ನ ಮಗನ ಕಡಿಂದ ಓದಿಸಿ, "ತಪ್ಪಾತವಾ, ಇರು" ಅಂದ. ಈಗ ಆಕಿ ಒಲ್ಲೆ ಅಂದ್ಳು.

"ಇಷ್ಟು ದೊಡ್ಡ ಬಾಯಿ ಬಾಜೂಕ ಇಟ್ಕೊಂಡು ನಾ ಇರೂದಿಲ್ರಿ" ಅಂದದ್ದು ಗ್ವಾಡಿ ಈ ಕಡೆ ನನಗ ಚೊಲೋತ್ನಂಗ ಕೇಳಿಸ್ತು. ಇಷ್ಟು ವರ್ಷದಾಗ ನವನಗರದಾಗ ಬಾಜೂ ಮನಿ ಒಳಗಿಂದ ನನಗ ಕೇಳಿಸಿದ ಮೊದಲನೇ ಮಾತು ನೋಡ್ರಿ ಅದು, ಅದೂ ನನಗಽ ಬೈದದ್ದು.

ಸಾಮಾನು ಕಟ್ಟಾಕ ರಟ್ಟಿನ ಡಬ್ಬಿ ತಂದು ಪಡಸಾಲ್ಯಾಗ ಒಟ್ಟಿದ್ಳು. ದಿನಾ ಸಂಜಿಮುಂದ ನಾ ಗ್ವಾಡಿಗೆ ನಿಂತು ಡಬ್ಬಿ ಎಣಿಸ್ತಿದ್ದೆ. ಮೂರು ಇದ್ದದ್ದು ಐದಾದುವು, ಐದು ಇದ್ದದ್ದು ಒಂಬತ್ತು.

ಇಲ್ಲದ ಹೆಬ್ಬಟ್ಟು

ಅದಽ ವಾರ ರೇಷನ್ ಅಂಗಡಿಗೆ ಹೋದೆ. ಹೆಬ್ಬಟ್ಟು ಇಟ್ಟೆ. ಮಷೀನು ಕುಂಯ್ ಅಂತು. ಒರಸಿ ಇಟ್ಟೆ, ಎಣ್ಣಿ ಹಚ್ಚಿ ಇಟ್ಟೆ, ಎಡಗೈದು ಇಟ್ಟೆ. ಮತ್ತ ಕುಂಯ್.

"ಆಯಿ, ರೊಟ್ಟಿ ಬಡದು ಬಡದು ನಿಮ್ಮ ಬಟ್ಟಿನ ಗೆರಿ ಎಲ್ಲಾ ಸವದಾವು," ಅಂದ ಅಂಗಡ್ಯಾವ. "ನೀವು ನೀವಲ್ಲ ಅನ್ನಾಕತ್ತೈತಿ ಮಷೀನು."

"ಮತ್ತ ನಾ ಯಾರಂತ ಕೇಳು ಅದನ್ನ."

"ಅಂಥಾವ್ರು ಯಾರೂ ಇಲ್ಲ ಅಂತೈತ್ರಿ."

ಹೊಳ್ಳಿ ಬಂದು ಗೇಟು ತಗದೆ. ಆಚೀಕಡೆ ಡಬ್ಬಿ ಹನ್ನೊಂದು. ಆ ಮಷೀನು ಹೇಳಿದ್ದು ಖರೇನಽ ಇರಬೇಕು ಅನಸ್ತು. ಆಮ್ಯಾಲ ಸಿಟ್ಟು ಬಂತು. ಮತ್ತ ಅಂಗಡಿಗೆ ಹೋಗಿ ಮಷೀನಿಗೂ ಅವಗೂ ಕೂಡೇ ಬೈದೆ. ಮಂದಿ ಪಾಳೆ ಬಿಟ್ಟು ನೋಡಾಕತ್ರು.

"ಆಯಿ, ಸಾವಕಾಶ ರೀ," ಅಂದ ಅವ.

"ಯಾಕ? ಇಲ್ಲದಾಕಿ ಬೈದ್ರ ನಿನಗ ಹೆಂಗ ಕೇಳಿಸ್ತು?"

ಅಕ್ಕಿ ಕೊಟ್ಟು ಕಳಿಸಿದ.

ಆರು ಅಂಕಿ

ಮರುದಿನ ಮಧ್ಯಾಹ್ನ ಫೋನ್ ಬಂತು. ನನ್ನ ಫೋನ್ ಬಡದು ಎಷ್ಟು ದಿನಾ ಆಗಿತ್ತೋ, ಮೊದಲ ಯಾವ ಸಪ್ಪಳಂತ ತಿಳೀಲಿಲ್ಲ.

"ನಮಸ್ಕಾರ ಅಮ್ಮಾ, ನಾನು ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ. ನಿಮ್ಮ ಖಾತೆ ಬಂದ್ ಆಗುತ್ತದೆ. ನಿಮ್ಮ ಫೋನಿಗೆ ಆರು ಅಂಕಿ ಬಂದಿದೆ, ದಯವಿಟ್ಟು ಹೇಳಿ."

ಎಷ್ಟು ನಯ ಮಾತ್ರೀ! "ಹೇಳ್ತೇನಿ ತಮ್ಮಾ, ಚಾಳೀಸು ಹುಡುಕ್ತೇನಿ ತಡಿ," ಅಂದೆ. ಚಾಳೀಸು ಇಲ್ಲದ ನನಗ ಅಂಕಿ ಕಾಣೂದಿಲ್ಲ. "ಹುಡುಕಿ ಅಮ್ಮಾ, ನಾನು ಕಾಯುತ್ತೇನೆ," ಅಂದ. ನನಗಾಗಿ ಕಾಯ್ತೇನಿ ಅಂದಾವ ಎಷ್ಟು ದಿನದ ಮ್ಯಾಲ ಸಿಕ್ಕಿದ್ದ.

ಹುಡುಕಾಕ ಹುಡುಕಾಕ ಕೇಳಿದೆ: ಯಾವೂರು ನಿಂದು? ಯಾರ ಪೈಕಿ? ಊಟ ಆತೇನು? ಲಗ್ನ ಆಗೇತೇನು? ಆಗಿಲ್ಲಂದ್ರ ಬಾದಾಮಿ ಕಡೆ ಒಬ್ಬ ದಲ್ಲಾಳಿ ಅದಾನ, ಹೊಲಾ ಐತೇನು ನಿಂದು?

"ಅಮ್ಮಾ, ಅಂಕಿ."

"ತಡಿಯೋ, ನಮ್ಮ ಬಾಜೂ ಮನ್ಯಾಕೀದು ಕೇಳು ಮೊದಲ." ಬ್ಯಾಂಕಿನಿಂದ ಸುರು ಮಾಡಿ ಬಾರಿಗೆ ಬಂದೆ. ಬಾರಿನಿಂದ ಮಾಲಕನ ನಳಕ್ಕ ಬಂದೆ. ನಳದಿಂದ ಹನ್ನೊಂದು ಡಬ್ಬಿಗೆ ಬಂದೆ. "ಆಕಿ ಹೋಗ್ತಾಳೋ ತಮ್ಮಾ," ಅಂದೆ. "ತಪ್ಪು ನಂದು. ಆಕಿ ಹೋದ ಮ್ಯಾಲ ಸಂಜಿಮುಂದ ನಾ ಯಾರ ಕೂಡ ಮಾತಾಡ್ಲಿ? ನೀ ದಿನಾ ಈ ಹೊತ್ತಿಗೆ ಮಾಡ್ತಿಯೇನು?"

"ಅಮ್ಮಾ, ಕೈ ಮುಗಿಯುತ್ತೇನೆ, ಫೋನ್ ಇಡಿ," ಅಂದ. ಕಡೀಕ ಅವನಽ ಇಟ್ಟುಬಿಟ್ಟ.

ಚಾಳೀಸು ನೆತ್ತಿ ಮ್ಯಾಲಽ ಇತ್ತು. ಹಾಕ್ಕೊಂಡು, ಪಾಪ ಅವಗ ಅಂಕಿ ಹೇಳೂದು ಉಳೀತಲ್ಲಂತ ನಾನಽ ತಿರುಗಿ ಫೋನ್ ಹಚ್ಚಿದೆ. ಹತ್ತಲಿಲ್ಲ. ಆರು ಸಲ ಹಚ್ಚಿದೆ. ಒಂದು ಸಲಾನೂ ಹತ್ತಲಿಲ್ಲ.

ತಲಿ ಎತ್ತಿದ್ರ ಗ್ವಾಡಿ ಮ್ಯಾಲ ಎರಡು ಕೈ, ಅವುಗಳ ನಡುವ ಆಕಿ ಮಾರಿ. ಮೊದಲಿಂದಾನೂ ಎಲ್ಲಾ ಕೇಳಿದ್ಳು. ಗೇಟು ದಾಟಿ ಬಂದು ನನ್ನ ಕೈಯಾಗಿನ ಫೋನ್ ಕಸಗೊಂಡು ಒತ್ತಿ ಒತ್ತಿ ನೋಡಿದ್ಳು. ತುಟಿ ಕಚ್ಚಿ ಹಿಡದಿದ್ದು ನಿಲ್ಲಲಿಲ್ಲ. ನಮ್ಮ ಕಟ್ಟಿ ಮ್ಯಾಲ ಕುಂತು ಹೊಟ್ಟಿ ಹಿಡಕೊಂಡು ನಕ್ಕಳು.

"ಆಯಿ, ಅವ ಕಳ್ಳ ರೀ. ಆ ಅಂಕಿ ಹೇಳಿದ್ರ ನಿಮ್ಮ ಖಾತೇನಽ ತೊಳದಿಡತಿದ್ದ."

"ಮತ್ತ ಯಾಕ ಹತ್ತವಲ್ದು ಅವನ ಫೋನು?"

ಕಣ್ಣು ಒರಸ್ಕೊಂಡು, ನನ್ನ ಮಾರಿ ಮುಂದಽ ಹೇಳಿದ್ಳು:

"ಡಬ್ಬಿ ಬಿಚ್ಚತೇನ್ರಿ ಆಯಿ, ಇಂಥಾ ಸೆಕ್ಯೂರಿಟಿ ಬಿಟ್ಟು ಬ್ಯಾರೆ ಕಡೆ ಹೋಗೂದಿಲ್ಲ. ದೇಶದಾಗಿನ ಮಂದಿ ಎಲ್ಲಾ ಕಳ್ಳರ ನಂಬರ್ ಬ್ಲಾಕ್ ಮಾಡ್ತಾರ. ಕಳ್ಳನಽ ಅಂಜಿ ಬ್ಲಾಕ್ ಮಾಡಿದ್ದು ನಿಮ್ಮದೊಂದು!"